ಎಲ್ಲಾ ಹಸಿರು, ಗಾಡಿ ಮಾತ್ರ ಎಡಕ್ಕೆ

ಕಾರು ಇವತ್ತೂ ಎಡಕ್ಕೇ ಎಳೆಯುತ್ತಿದೆ. ನಿನ್ನೆ ಸಂಜೆ ತಾನೇ ದುಡ್ಡು ಕೊಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೇನೆ.

ರಿಪೋರ್ಟ್ ನೋಡಿದರೆ ಎಲ್ಲಾ ಸರಿ ಇದೆ. ಮುಂದಿನ ಎಡ ಚಕ್ರದ ಕ್ಯಾಂಬರ್, ಅಂದರೆ ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಅನ್ನೋ ಲೆಕ್ಕ, ಮೈನಸ್ 20 ಮಿನಿಟ್. ಬಲದ್ದು ಮೈನಸ್ 1 ಡಿಗ್ರಿ 10 ಮಿನಿಟ್. (ಡಿಗ್ರಿಗೆ 60 ಮಿನಿಟ್, ಗಡಿಯಾರ ಇಲ್ಲೂ ಬಿಡಲ್ಲ.) ಕಂಪನಿ ಹೇಳಿದ ಮಿತಿಯೊಳಗೇ ಎರಡೂ ಇವೆ, ಅದಕ್ಕೇ ಕಂಪ್ಯೂಟರ್ ಎರಡಕ್ಕೂ ಹಸಿರು ಬಳಿದಿದೆ. ಆದರೆ ಎರಡೆತ್ತೂ ಸಾಧುವಾದರೆ ಸಾಕಾ, ನೊಗ ಯಾವ ಕಡೆ ವಾಲಿದೆ ಅಂತ ನೋಡಬೇಕಲ್ವಾ? ಎರಡರ ನಡುವೆ 50 ಮಿನಿಟ್ ವ್ಯತ್ಯಾಸ. ಒಳಕ್ಕೆ ಕಡಿಮೆ ವಾಲಿದ ಚಕ್ರದ ಕಡೆಗೆ ಗಾಡಿ ಎಳೆಯುತ್ತದೆ. ಅಂದರೆ ಎಡಕ್ಕೆ.

ಅಂಗಡಿ ಹುಡುಗನಿಗೆ ಇದನ್ನೇ ಹೇಳಿದೆ. "ಈ ಗಾಡೀಲಿ ಟೋ ಮಾತ್ರ ಅಡ್ಜಸ್ಟ್ ಆಗೋದು ಸಾರ್, ಕ್ಯಾಂಬರ್ ಫಿಕ್ಸು. ಎಳೆಯೋದು ರೋಡಿಂದ. ನೀರು ಹೋಗ್ಲಿ ಅಂತ ಎಡಕ್ಕೆ ಇಳಿಜಾರು ಕೊಟ್ಟಿರ್ತಾರೆ." (ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋ ಲೆಕ್ಕ.) ಮಾತು ಸುಳ್ಳಲ್ಲ. ನಮ್ಮ ಬೆಂಗಳೂರಲ್ಲಿ ನೀರು ಮಾತ್ರ ಆ ಇಳಿಜಾರನ್ನು ಇನ್ನೂ ನಂಬಿಲ್ಲ.

"ಬನ್ನಿ ಸಾರ್, ಟ್ರಯಲ್ ನೋಡೋಣ" ಅಂದ. ಸರ್ವಿಸ್ ರೋಡಿಗೆ ಬಂದು ಸ್ಪೀಡು 40 ಮುಟ್ಟಿದ್ದೇ ತಡ, ಸ್ಟೀರಿಂಗ್‌ನಿಂದ ಎರಡೂ ಕೈ ತೆಗೆದು ಎದೆ ಮೇಲೆ ಕಟ್ಟಿಕೊಂಡ. ರೋಡು ನೋಡುತ್ತಾನಾ ಅಂದರೆ ಅದೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾ, "ನೇರ ಹೋಗ್ತಿದೆ ನೋಡಿ."

ಮುಂದೆ ಎಡಗಡೆ ಒಂದು ಎಳನೀರು ಗಾಡಿ. ಅದು ನೋಡನೋಡುತ್ತಾ ದೊಡ್ಡದಾಗುತ್ತಿದೆ.

"ಸ್ವಲ್ಪ ಎಡಕ್ಕೆ..."

"ಇಲ್ಲ ಸಾರ್, ನೇರ."

ಎಳನೀರಿನವನು ಎತ್ತಿದ ಮಚ್ಚನ್ನು ಇಳಿಸದೆ ಹಾಗೇ ನಿಂತುಬಿಟ್ಟ. ನಾನು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದೆ. ಕೊನೇ ಗಳಿಗೆಯಲ್ಲಿ ಹುಡುಗ ಒಂದೇ ಬೆರಳಲ್ಲಿ ಸ್ಟೀರಿಂಗ್ ಸರಿಸಿ, "ಅದು ರೋಡು ಸಾರ್" ಅಂದ. ವಾಪಸ್ ಬರುವಾಗ ಮತ್ತೆ ಕೈಕಟ್ಟಿದ. ಈ ಸಲ ಹಸು. ಅದೂ ರೋಡೇ ಅಂತೆ.

ಎಡ-ಬಲದ ಟೈರ್ ಅದಲುಬದಲು ಮಾಡು ಅಂದೆ, ಗೊಣಗುತ್ತಾ ಮಾಡಿದ. ತಪ್ಪು ಟೈರಿನದಾಗಿದ್ದರೆ ಎಳೆತ ಬಲಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ.

ಅಪ್ಪನ ಅಂಬಾಸಿಡರ್ ಕಾಲದಲ್ಲಿ ತಿಪಟೂರಿನ ಮೇಸ್ತ್ರಿಯೊಬ್ಬರು ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು, ಒಂದು ಕಣ್ಣು ಮುಚ್ಚಿ, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸೋ ಟೈ ರಾಡ್ ತಿರುಗಿಸುತ್ತಿದ್ದರು. ಮನಸ್ಸಿಗೆ ಬರದಿದ್ದರೆ, "ಸರಿಯಾಗಿಲ್ಲ ಸ್ವಾಮಿ, ಗಾಡಿ ಇಲ್ಲೇ ಬಿಟ್ಟು ಹೋಗಿ" ಅನ್ನೋರು. ಅಪ್ಪ ಬಸ್ಸಲ್ಲಿ ಮನೆಗೆ ಬರೋರು, ಬೇಜಾರೇ ಇಲ್ಲದೆ.

ಯಾವುದೋ ಗುಂಡಿಗೆ ಬಿದ್ದು ಸ್ಟ್ರಟ್, ಅಂದರೆ ಚಕ್ರವನ್ನು ಹಿಡಿದಿರೋ ಶಾಕ್ ಅಬ್ಸಾರ್ಬರ್ ಕಂಬ, ಬಾಗಿದೆ ಅಂತ ನನ್ನ ಗುಮಾನಿ. ಬೆಳಿಗ್ಗೆ ಸಸ್ಪೆನ್ಷನ್ ಕೆಲಸದವರಿಗೆ ಫೋನ್ ಮಾಡಿದೆ.

"ಅಲೈನ್‌ಮೆಂಟ್ ರಿಪೋರ್ಟ್ ಇದ್ಯಾ ಸಾರ್?"

"ಇದೆ."

"ಎಲ್ಲಾ ಹಸಿರಾ?"

"ಹೌದು, ಆದ್ರೆ..."

"ಮತ್ತೇನ್ ಸಾರ್ ಪ್ರಾಬ್ಲಮ್ಮು?"