‘ವಾಕೆಡ್’ ಅಲ್ಲ, ‘ವಾಕ್ಟ್’
ಇಂಗ್ಲಿಷ್ ಉಚ್ಚಾರಣೆ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಭೂತಕಾಲದ ಕ್ರಿಯಾಪದಗಳ ಕೊನೆಗೆ ಬರುವ ‘ed’ಯನ್ನು ಎಲ್ಲ ಕಡೆ ‘ಎಡ್’ ಎಂದೇ ಓದಿ ಎಂದಿರುವುದು ಸರಿಯಲ್ಲ. ಹಾಗೆ ಪೂರ್ತಿ ಕೇಳಿಸುವುದು ಕ್ರಿಯಾಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದಾಗ ಮಾತ್ರ: ವಾಂಟೆಡ್, ನೀಡೆಡ್.

ನನ್ನ ಮಗಳೂ walked ಅನ್ನು ‘ವಾಕೆಡ್’ ಅಂತಿದ್ದಳು. ಗಂಟಲ ಮೇಲೆ ಬೆರಳಿಟ್ಟು ಬರೀ ‘ಕ್’, ‘ಪ್’, ‘ಸ್’ ಹೇಳು ಅಂದೆ. ಗಂಟಲು ಅದುರಲಿಲ್ಲ. ಕ್ರಿಯಾಪದ ಅಂಥ ಸದ್ದಿನಲ್ಲಿ ಮುಗಿದ ಕಡೆ ‘ಟ್’ ಬರುತ್ತದೆ: ವಾಕ್ಟ್, ಹೆಲ್ಪ್ಟ್. ‘ಲ್’, ‘ನ್’, ‘ವ್’ ಹೇಳಿದಾಗ ಅದುರಿತು. ಅಲ್ಲಿ ‘ಡ್’: ಕಾಲ್ಡ್, ಲಿವ್ಡ್. ಅವಳ ಮುಖ ಅರಳಿತು!

ಕನ್ನಡದಲ್ಲಿ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಬಸ್ ಕೂಡ ನಮಗೆ ಬಸ್ಸು ಅಲ್ವಾ? ಅದಕ್ಕೇ ‘ಕ್ಟ್’ ಬಂದಾಗ ನಾಲಿಗೆ ತಡವರಿಸುತ್ತದೆ. ದಯವಿಟ್ಟು ಆ ಸಾಲು ತಿದ್ದಿ, ಮಕ್ಕಳೂ ಓದುತ್ತಾರೆ.