ಎಂಟು ಬೈರಾಸು ತಡೆಯುವ ಕೇಬಲ್

ಕಾರಿನ ಕೀ ತಿರುಗಿಸಿದರೆ ಟಕ್ ಟಕ್ ಟಕ್. ಅಷ್ಟೇ. ಹಿಂದಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಒಳಗಿನ ಪುಟ್ಟ ದೀಪ ರಾತ್ರಿಯಿಡೀ ಉರಿದು ಬ್ಯಾಟರಿ ಸತ್ತಿತ್ತು. ಭಾನುವಾರ, ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್. ಡೊಂಬಿವಲಿಯಿಂದ ಮುಂಬೈಯ ಮಾಟುಂಗಕ್ಕೆ ನಾಮಕರಣದ ಊಟಕ್ಕೆ ಹೋಗಬೇಕಿತ್ತು. ವಾಚ್‌ಮನ್ ಓಡಿ ಬಂದು, "ಧಕ್ಕಾ ಮಾರೂಯಾ, ಸಾಹೇಬ್!" ಅಂದ. ಆಟೊಮ್ಯಾಟಿಕ್ ಗಾಡಿ, ತಳ್ಳಿದರೆ ಗೇಟಿನವರೆಗೆ ಬರುತ್ತದೆ, ಸ್ಟಾರ್ಟ್ ಆಗುವುದಿಲ್ಲ.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟು ಕೊಡುವ ಜಂಪರ್ ಕೇಬಲ್ ನನ್ನದೇ ಇದೆ. ಅಂದರೆ, ಇತ್ತು. ಎರಡನೇ ಮಾಳಿಗೆಯ ಕುಂದಾಪುರದ ಮಾಮ ಹೋದ ವರ್ಷ "ಐದು ನಿಮಿಷಕ್ಕೆ" ಅಂತ ಒಯ್ದಿದ್ದರು. ಹತ್ತಿ ಹೋಗಿ ನೋಡಿದರೆ, ಬಾಲ್ಕನಿಯಲ್ಲಿ ಅದು ಬಟ್ಟೆ ಒಣಗಿಸುವ ಹಗ್ಗ! ಗ್ರಿಲ್ಲಿನ ಈ ತುದಿಗೊಂದು ಕ್ಲಿಪ್ಪು, ಆ ತುದಿಗೊಂದು. ಕೆಂಪು ವಯರಿನ ಮೇಲೆ ಬೈರಾಸು (ಟವೆಲ್ಲು), ಕಪ್ಪಿನ ಮೇಲೆ ಬನಿಯನ್ನು. ಬಣ್ಣ ನೋಡಿ ವಿಂಗಡಿಸಿದ್ದು ಬೇರೆ.

"ಭಾರೀ ಗಟ್ಟಿ ಉಂಟು ಮಾರಾಯಾ, ಎಂಟು ಬೈರಾಸು ತಡೀತದೆ" ಅಂತ ಹೊಗಳಿದರು. ನಾನು ಒಳ್ಳೇ ತಾಮ್ರದ್ದು ಬೇಕು ಅಂತ ನಾಲ್ಕು ಅಂಗಡಿ ಅಲೆದು ತಂದದ್ದು ಇವರ ಬನಿಯನ್ನಿಗಾಗಿ! ಕೊಡಿ ಅಂದರೆ, "ಒಣಗಲಿ, ಕೊಡ್ತೇನೆ" ಅನ್ನುತ್ತಾರೆ. ಜುಲೈ ತಿಂಗಳು. ಡೊಂಬಿವಲಿಯಲ್ಲಿ ಯಾವುದು ಒಣಗುತ್ತದೆ?

ಕೊನೆಗೆ ಮಾಮಿಯೇ ಬೈದು ಬಿಚ್ಚಿಸಿದರು. ಒದ್ದೆ ಬಟ್ಟೆಯೆಲ್ಲ ಬಕೆಟ್ಟಿಗೆ. ಕ್ಲಿಪ್ಪಿನ ಹಲ್ಲಿಗೆ ತುಕ್ಕು ಹಿಡಿದಿತ್ತು. ಉಜ್ಜಲು ಕಾಲು ಗಂಟೆ ಹೋಯಿತು.

ಮಾಮ ತಮ್ಮ ಗಾಡಿ ತಂದು ಎದುರು ನಿಲ್ಲಿಸಿದರು. ಎರಡೂ 12 ವೋಲ್ಟಿನದೇ. ಮೂರು ಕ್ಲಿಪ್ಪಿನವರೆಗೆ ಜಗಳವಿಲ್ಲ: ಕೆಂಪು ಮೊದಲು ನನ್ನ ಪ್ಲಸ್ಸಿಗೆ, ಆಮೇಲೆ ಅವರದಕ್ಕೆ, ಕಪ್ಪು ಅವರ ಮೈನಸ್ಸಿಗೆ. ನಾಲ್ಕನೆಯದನ್ನು ನನ್ನ ಸತ್ತ ಬ್ಯಾಟರಿಗೇ ಕಚ್ಚಿಸಲು ಹೊರಟರು. ಬೇಡ, ದೂರದಲ್ಲಿ ಎಂಜಿನ್ನಿನ ಬರೀ ಲೋಹಕ್ಕೆ ಹಾಕಿ, ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ ಅಂದೆ.

"ನಲವತ್ತು ವರ್ಷದಿಂದ ಬೊಂಬಾಯಲ್ಲಿ ಗಾಡಿ ಓಡಿಸ್ತಿದ್ದೇನೆ, ನಂಗೆ ಹೇಳ್ತೀಯಾ?"

ವಾದ ಮಾಡಲಿಲ್ಲ. "ಬೆಂಕಿ ಹತ್ತಿದರೆ ಪಕ್ಕದಲ್ಲಿರುವುದು ನಿಮ್ಮ ಗಾಡಿ, ಮಾಮ" ಅಂದೆ. ಕ್ಲಿಪ್ಪು ಎಂಜಿನ್ನಿಗೆ ಹೋಯಿತು.

ನನ್ನ ಗಾಡಿ ಒಂದು ಸಲ ಕೆಮ್ಮಿ ಹೊತ್ತಿಕೊಂಡಿತು. ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಒಂದೊಂದಾಗಿ ತೆಗೆದೆವು. ಈಗ ಆಫ್ ಮಾಡುವ ಹಾಗಿಲ್ಲ. ಮಾಟುಂಗದವರೆಗಿನ ಟ್ರಾಫಿಕ್ಕಿನಲ್ಲಿ ಬ್ಯಾಟರಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನನಗೆ ಮೊದಲ ಪಂಕ್ತಿ ತಪ್ಪುತ್ತದೆ, ಅಷ್ಟೇ.

ಕೇಬಲ್ ಸುತ್ತಿ ಡಿಕ್ಕಿಗೆ ಇಡಲು ಹೊರಟೆ. ಮಾಮ ಕೈ ಚಾಚಿಯೇ ನಿಂತಿದ್ದರು.

"ಬಟ್ಟೆ ಬಕೆಟ್ಟಲ್ಲೇ ಉಂಟು, ಮಾರಾಯಾ."

ಕೊಟ್ಟೆ.