ಹೇಳಿಕೆ ಬರಲಿಲ್ಲ

ಎರಡು ವರ್ಷದ ಹಿಂದಿನ ಮಾತು. ನವೆಂಬರ್ ಕೊನೆಯ ಭಾನುವಾರ, ನಮ್ಮೂರ ತೋಡಿನ, ಅಂದರೆ ಸಣ್ಣ ಹಳ್ಳದ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಶ್ರಮದಾನ ಇತ್ತು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನ ಮೊದಲೇ ನಾನೇ ಮೆಸೇಜ್ ಹಾಕಿದ್ದೆ. "ಊರ ಸಮಸ್ತರು ಭಾಗವಹಿಸಬೇಕಾಗಿ ವಿನಂತಿ" ಅಂತ. ಗ್ರೂಪಿನಲ್ಲಿ 240 ಜನ ಇದ್ದಾರೆ. ಕೈಮುಗಿದದ್ದು, ಹೆಬ್ಬೆರಳು ಎತ್ತಿದ್ದು, ಹೂಗುಚ್ಛ ಎಲ್ಲ ಸೇರಿ ಅರವತ್ತು ದಾಟಿತ್ತು. ಭಾನುವಾರ ಬೆಳಿಗ್ಗೆ ಏಳೂವರೆಗೆ ತೋಡಿನ ಬದಿಯಲ್ಲಿ ನಿಂತು ಎಣಿಸಿದರೆ ಏಳು ತಲೆ. ಏಳನೆಯವರು ಶ್ರಮದಾನಕ್ಕೆ ಬಂದವರೇ ಅಲ್ಲ. ಗಾಳ ಹಿಡಿದುಕೊಂಡು ಮೀನಿಗೆ ಬಂದವರು. ನಮ್ಮ ಮುಖ ನೋಡಿ ಪಾಪ ಅನ್ನಿಸಿರಬೇಕು, ಗಾಳ ಬದಿಗಿಟ್ಟು ಪ್ಯಾಂಟ್ ಮಡಚಿದರು.

ಅದೇ ಊರು. ನಾಲ್ಕು ತಿಂಗಳ ನಂತರ ದೇವಸ್ಥಾನದ ಬ್ರಹ್ಮಕಲಶ, ಊರಿಗೇ ದೊಡ್ಡ ಕಲಶಾಭಿಷೇಕದ ಉತ್ಸವ. ಸ್ವಯಂಸೇವಕರ ಬ್ಯಾಡ್ಜ್ ಮುನ್ನೂರು ಮಾಡಿಸಿದ್ದು ಸಾಕಾಗದೆ ಕೊನೆಗೆ ಕಾರ್ಡ್‌ಬೋರ್ಡ್ ಕತ್ತರಿಸಿ ಪೆನ್ನಲ್ಲಿ ಬರೆದು ಕೊಟ್ಟೆವು.

ಇದನ್ನು ನೋಡಿದವರೆಲ್ಲ ಹೇಳುವುದು ಒಂದೇ. "ದೇವರ ಕೆಲಸ ಅಂದ್ರೆ ಬರ್ತಾರೆ ಮಾರಾಯ್ರೆ, ನೀರಿನ ಕೆಲಸಕ್ಕೆ ಯಾರು ಬರ್ತಾರೆ?" ಇನ್ನು ಕೆಲವರು, "ಈಗಿನ ಹುಡುಗರಿಗೆ ಊರಿನ ಮೇಲೆ ಪ್ರೀತಿ ಇಲ್ಲ, ಮೊಬೈಲ್ ಒಂದಿದ್ರೆ ಸಾಕು." ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಗೊತ್ತಿಲ್ಲದವರಿಗೆ ಕಿಂಡಿ ಅಣೆಕಟ್ಟಿನ ಬಗ್ಗೆ ಎರಡು ಮಾತು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆದರೆ ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಬಿದ್ದ ನೀರೆಲ್ಲ ತೋಡು, ಹೊಳೆ ದಾಟಿ ಹತ್ತಿಪ್ಪತ್ತು ಮೈಲಿ ದೂರದ ಸಮುದ್ರಕ್ಕೆ ಓಡಿಹೋಗುತ್ತದೆ. ಅದನ್ನು ನಿಲ್ಲಿಸಲು ಹಿಂದಿನವರು ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಈಗ ಕಾಂಕ್ರೀಟ್ ಕಂಬಗಳ ಅಣೆಕಟ್ಟು. ಮಳೆಗಾಲದಲ್ಲಿ ಕಿಂಡಿಗಳು ತೆರೆದೇ ಇರುತ್ತವೆ. ಮಳೆ ನಿಂತ ಮೇಲೆ ಕಂಬಗಳ ನಡುವೆ ಎರಡು ಸಾಲು ಹಲಗೆ ಇಳಿಸಿ, ನಡುವಿನ ಜಾಗಕ್ಕೆ ಜೇಡಿಮಣ್ಣು ತುಂಬಬೇಕು. ಮೇ ತಿಂಗಳಲ್ಲಿ ಮತ್ತೆ ತೆಗೆಯಬೇಕು. ತಡವಾದರೆ ಮೊದಲ ಮಳೆಗೇ ನೀರು ಬದಿಯ ಗದ್ದೆಗೆ ನುಗ್ಗುತ್ತದೆ. ಇದು ಸರಿಯಾದರೆ ಮಳೆಗಾಲದ ಏಣಿಲು ಭತ್ತ ಆದ ಮೇಲೆ ಎರಡನೇ ಬೆಳೆ ಸುಗ್ಗಿಯೂ ಆಗುತ್ತದೆ, ಅಕ್ಕಪಕ್ಕದ ಬಾವಿಗಳಲ್ಲೂ ನೀರು ನಿಲ್ಲುತ್ತದೆ. ಮೂರನೆಯ ಕೊಳಕೆ ಬೆಳೆ ತೆಗೆಯುವವರು ಈಗ ನಮ್ಮಲ್ಲಿ ಯಾರೂ ಇಲ್ಲ ಬಿಡಿ.

ಕಟ್ಟಿಸಿದ್ದು ಸರ್ಕಾರ. ಹಲಗೆ ಹಾಕಬೇಕಾದ್ದು ಯಾರು ಅನ್ನುವುದು ಪ್ರತಿ ವರ್ಷದ ಚರ್ಚೆ. ಚರ್ಚೆ ಮುಗಿಯುವಷ್ಟರಲ್ಲಿ ನೀರು ಅರಬ್ಬೀ ಸಮುದ್ರ ಸೇರಿರುತ್ತದೆ. ಹಾಗಾಗಿ ನಾವೇ ಹಾಕುವುದು ಅಂತ ತೀರ್ಮಾನ.

ಏಳು ಜನ ಅವತ್ತು ಸಂಜೆಯವರೆಗೆ ಮಣ್ಣು ಹೊತ್ತೆವು. ಅರ್ಧ ಆಯಿತು. ಮಾರನೇ ವಾರ ನಾಲ್ಕೇ ಜನ. ಜನವರಿ ಹೊತ್ತಿಗೆ ಸಂದಿಯಲ್ಲೆಲ್ಲ ನೀರು ಸೋರಿ ಸೋರಿ, ಒಂದು ಕಡೆ ಮಣ್ಣೇ ತೊಳೆದುಹೋಯಿತು. ನನಗೆ ಸಿಟ್ಟು ಬಂದು ಗ್ರೂಪಿನಲ್ಲಿ ನಾಲ್ಕು ಸಾಲು ಖಾರವಾಗಿ ಬರೆದೆ. ಅದಕ್ಕೂ ಹೆಬ್ಬೆರಳು ಬಂತು.

ಬ್ರಹ್ಮಕಲಶದಲ್ಲಿ ನನಗೆ ಊಟದ ವಿಭಾಗ. ನಮ್ಮ ಕಡೆ ಸಾರ್ವಜನಿಕ ಊಟದಲ್ಲಿ ಬಡಿಸಿದವರಿಗೆ ಗೊತ್ತು, ಅದೊಂದು ದೊಡ್ಡ ಲೆಕ್ಕಾಚಾರ. ಎಲೆ ಹಾಕುವವರು, ನೀರು ಚಿಮುಕಿಸುವವರು, ಉಪ್ಪು ಉಪ್ಪಿನಕಾಯಿಯವರು, ಪಲ್ಯದವರು, ಅನ್ನದವರು. ಸಾರಿನ ಬಕೆಟ್ ಹಿಡಿದವನು ಸಾಂಬಾರ್ ಸೌಟು ಮುಟ್ಟುವ ಹಾಗಿಲ್ಲ. ಪಾಯಸ ಬಡಿಸುವವನಿಗೆ ಸ್ವಲ್ಪ ಗತ್ತು, ಮಜ್ಜಿಗೆಯವನನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಲ್ಲಿ ಒಬ್ಬರು ಹಿರಿಯರಿದ್ದಾರೆ. ನಿವೃತ್ತ ಪೋಸ್ಟ್‌ಮ್ಯಾನ್. ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ, ಅವರ ಕೆಲಸ ಉಂಡ ಎಲೆ ತೆಗೆಯುವುದು. ಮೈಕಿನಲ್ಲಿ ಅವರ ಹೆಸರು ಯಾವತ್ತೂ ಬಂದಿಲ್ಲ, ಶಾಲು ಹಾರ ಬಿದ್ದದ್ದೂ ಇಲ್ಲ. ಪಂಕ್ತಿ ಎದ್ದ ಕೂಡಲೇ ಲುಂಗಿ ಎತ್ತಿ ಕಟ್ಟಿ ಬುಟ್ಟಿ ಹಿಡಿದು ಹೊರಡುತ್ತಾರೆ. ಬೇರೆ ಯಾರಾದರೂ ಎಲೆಗೆ ಕೈ ಹಾಕಿದರೆ, "ಅದು ನನ್ನ ಡ್ಯೂಟಿ" ಅಂತ ಗದರುತ್ತಾರೆ.

ಸಂಜೆ ಅವರ ಪಕ್ಕ ಕೂತು ಚಹಾ ಕುಡಿಯುವಾಗ ಸುಮ್ನೆ ಕೇಳಿದೆ, ನವೆಂಬರ್‌ನಲ್ಲಿ ಹಲಗೆ ಹಾಕಲು ಯಾಕೆ ಬರಲಿಲ್ಲ ಅಂತ. ಮನೆ ಅಣೆಕಟ್ಟಿನ ಬದಿಯಲ್ಲೇ ಇದೆ ಅವರದ್ದು.

ಅವರು ಚಹಾದ ಗ್ಲಾಸಿನಿಂದ ಮುಖ ಎತ್ತಲಿಲ್ಲ. "ಎಂಕ್ಲೆನ್ ಏರ್ಲಾ ಲೆತ್ತ್‌ಜೆರ್" ಅಂದರು. ನಮ್ಮನ್ನು ಯಾರೂ ಕರೆಯಲಿಲ್ಲ.

"ಗ್ರೂಪಲ್ಲಿ ಹಾಕಿದ್ದೆ ಅಲ್ವಾ?"

"ಅದು ಗ್ರೂಪಿಗೆ ಹಾಕಿದ್ದು. ನನಗೆ ಹೇಳಿಕೆ ಬರಲಿಲ್ಲ."

ಕರಾವಳಿಯವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಇರಲಿ, ಭೂತದ ಕೋಲ ಇರಲಿ, ಮನೆಗೆ ಬಂದು, ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು, "ಇಂಥ ದಿನ, ಮನೆಮಂದಿ ಎಲ್ಲ ಬರಬೇಕು" ಅಂತ ಹೇಳುವುದು ಹೇಳಿಕೆ. ಕಾಗದ ಅಂಚೆಯಲ್ಲಿ ಬಂದರೆ ಅದು ಲೆಕ್ಕಕ್ಕಿಲ್ಲ. ಹೇಳಿಕೆ ಬರಲಿಲ್ಲ ಅಂತ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟದ್ದಿದೆ.

ಬ್ರಹ್ಮಕಲಶಕ್ಕೆ ಏನೆಲ್ಲ ಮಾಡಿದ್ದೆವು ಅಂತ ಆಮೇಲೆ ಕೂತು ಯೋಚಿಸಿದೆ. ಆರು ತಿಂಗಳ ಮೊದಲೇ ಸಮಿತಿ, ಅದರ ಕೆಳಗೆ ಹದಿನೆಂಟು ಉಪಸಮಿತಿ. ಚಪ್ಪರ, ಹೊರೆಕಾಣಿಕೆ, ಪಾರ್ಕಿಂಗ್, ನೀರು, ಚಪ್ಪಲಿ ಕಾಯುವುದಕ್ಕೂ ಒಂದು. ಆಮಂತ್ರಣ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕು ಪುಟ ಹೆಸರುಗಳು. ಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಬೆರಳಿಟ್ಟು ತಮ್ಮ ಹೆಸರು ಹುಡುಕುವುದು. ಇದನ್ನು ನಾವು ಗೇಲಿ ಮಾಡುತ್ತೇವೆ. ಆದರೆ ಹೆಸರು ಇದ್ದವನು ರಜೆ ಹಾಕಿ ಬರುತ್ತಾನೆ. ಮುಂಬಯಿಯಿಂದ ಬಸ್ಸು ಹತ್ತಿ ಬಂದವರಿದ್ದಾರೆ. ಹೊರೆಕಾಣಿಕೆಗೆ ಟೆಂಪೋ ಮನೆ ಮನೆ ಮುಂದೆ ನಿಲ್ಲುತ್ತದೆ. ಎರಡು ತೆಂಗಿನಕಾಯಿ, ಒಂದು ಸೇರು ಅಕ್ಕಿ ಕೊಟ್ಟ ಮನೆಯೂ ಚೀಟಿಯಲ್ಲಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಡೆಯುವ ಉಡುಪಿ ಕೃಷ್ಣಮಠದ ಪರ್ಯಾಯಕ್ಕೂ ಹೀಗೇ ಅಲ್ವಾ, ಹೊರೆಕಾಣಿಕೆ ಊರೂರಿನಿಂದ ಹೊರಡುತ್ತದೆ.

ದೇವರ ಭಯ, ಭಕ್ತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದರ ಜೊತೆ ಕರೆಯುವ ಕೆಲಸವೂ ಅಷ್ಟೇ ಶ್ರದ್ಧೆಯಿಂದ ನಡೆದಿರುತ್ತದೆ. ಹಲಗೆ ಹಾಕುವುದಕ್ಕೆ ನಾವು ಮಾಡಿದ್ದೇನು? ಹಾಸಿಗೆಯಲ್ಲಿ ಮಲಗಿಕೊಂಡು ಒಂದು ಮೆಸೇಜ್. "ಊರ ಸಮಸ್ತರು" ಅಂದರೆ ಯಾರು? ನಾನಲ್ಲ, ಪಕ್ಕದ ಮನೆಯವನು.

ಹಾಗಾಗಿ ಹೋದ ವರ್ಷ ನಾವು ಮೂವರು ಹೊರಟೆವು. ನಾಲ್ಕು ಸಂಜೆ, 38 ಮನೆ. ಅಷ್ಟು ಕಡೆ ಚಹಾ. ನನಗೆ ಶುಗರ್ ಬಾರ್ಡರಿನಲ್ಲಿದೆ ಅಂತ ಮನೆಯವಳು ದಿನಾ ಎಚ್ಚರಿಸುತ್ತಿದ್ದಳು, ಆದರೆ ಹೇಳಿಕೆಗೆ ಹೋಗಿ ಚಹಾ ಬೇಡ ಅನ್ನಲು ಆಗುತ್ತದಾ?

ನಿಜ ಹೇಳಬೇಕಂದರೆ ನನ್ನೂರು ನನಗೆ ಗೊತ್ತಿರಲಿಲ್ಲ. ತೋಡಿನ ಆಚೆ ಬದಿಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರ ಮೂರು ಮನೆ ಇವೆ. ಅಲ್ಲಿನ ಬಾಯಮ್ಮ ಹೇಳಿದರು, "ನೀವು ಯಾವಾಗಲೂ ಆದಿತ್ಯವಾರ ಬೆಳಿಗ್ಗೆ ಏಳೂವರೆಗೇ ಇಡೋದು. ಆಗ ನಮಗೆ ಇಗರ್ಜಿಯಲ್ಲಿ ಪೂಜೆ. ನಾವು ಬರೋದು ಬೇಡ ಅಂತಲೇ ಇಟ್ಟದ್ದು ಅಂದ್ಕೊಂಡಿದ್ದೆವು." ನನಗೆ ಕುಡಿಯುತ್ತಿದ್ದ ಚಹಾ ಗಂಟಲಲ್ಲೇ ನಿಂತಿತು. ಎಷ್ಟೋ ವರ್ಷದಿಂದ ಅದೇ ಸಮಯ. ಯಾರಿಗೂ ಆ ಯೋಚನೆಯೇ ಬಂದಿರಲಿಲ್ಲ.

ಮಣಿಪಾಲದಲ್ಲಿ ಓದುವ ಒಬ್ಬಳು ಹುಡುಗಿ, "ಗಂಡಸರಿಗೆ ಮಾತ್ರ ಅಲ್ವಾ ಅದು?" ಅಂತ ಕೇಳಿದಳು. ಬ್ಯಾರಿ ಮುಸ್ಲಿಂ ಕುಟುಂಬದ ಯುವಕರೊಬ್ಬರು ಅವರ ಪಿಕಪ್ ಕೊಡುತ್ತೇನೆ ಅಂದರು, ಡೀಸೆಲ್ ಹಾಕಿಸಿಕೊಳ್ಳಲೂ ಒಪ್ಪಲಿಲ್ಲ.

ಇನ್ನು ಕೆಂಪುಕಲ್ಲಿನ ಲೈನ್‌ಮನೆ. ಅಲ್ಲಿ ಬಾಗಲಕೋಟೆ, ಕೊಪ್ಪಳ ಕಡೆಯ ನಾಲ್ಕೈದು ಸಂಸಾರ ಇದೆ, ಕಟ್ಟಡ ಕೆಲಸಕ್ಕೆ ಬಂದವರು. ಆರು ವರ್ಷದಿಂದ ಇದ್ದಾರೆ, ಮಕ್ಕಳು ನಮ್ಮ ಶಾಲೆಗೇ ಹೋಗುತ್ತಾರೆ, ತುಳುವನ್ನು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಮಾತಾಡುತ್ತಾರೆ. ಆರು ವರ್ಷದಲ್ಲಿ ಊರಿನವರು ಅವರ ಬಾಗಿಲಿಗೆ ಹೋದದ್ದು ಎರಡೇ ಕಾರಣಕ್ಕೆ. ಕೆಲಸಕ್ಕೆ ಕರೆಯಲು, ಇಲ್ಲ ಏನಾದರೂ ಕಳೆದುಹೋದಾಗ ವಿಚಾರಿಸಲು. ನಮ್ಮನ್ನು ಕಂಡ ಕೂಡಲೇ ಒಬ್ಬರು ಎದ್ದು ನಿಂತು, "ಏನಾತ್ರೀ ಸರ?" ಅಂದರು. ದನಿಯಲ್ಲಿ ಗಾಬರಿ. ಹೇಳಿಕೆಗೆ ಬಂದದ್ದು ಅಂತ ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಆ ಭಾನುವಾರ 31 ಜನ ಬಂದರು. ಪೂಜೆ ಮುಗಿಸಿ ಒಂಬತ್ತೂವರೆಗೆ ಬಂದವರು ಬೇರೆ. ನಮ್ಮ ಹುಡುಗರು ಹಲಗೆ ಇಳಿಸಿ, ಗುದ್ದಲಿಯಿಂದ ಅಗೆದ ಮಣ್ಣನ್ನು ಹಾಗೇ ಬುಟ್ಟಿಯಲ್ಲಿ ತಂದು ಸುರಿಯುತ್ತಿದ್ದರು. ಬಾಗಲಕೋಟೆಯವರು ನೋಡುವಷ್ಟು ನೋಡಿದರು. ಆಮೇಲೆ ತಡೆಯಲಾಗಲಿಲ್ಲ. "ಹಿಂಗ್ ಹೆಂಟಿ ಹೆಂಟಿ ಹಾಕಿದ್ರ ನೀರು ನಿಲ್ಲಂಗಿಲ್ರೀ. ತುಳೀಬೇಕು. ರೊಟ್ಟಿ ಹಿಟ್ಟು ನಾದಿದಂಗ ಆಗ್ಬೇಕು." ಅಂದವರೇ ಚಪ್ಪಲಿ ಬಿಟ್ಟು ಮಣ್ಣಿನ ರಾಶಿಗೆ ಇಳಿದರು. ನೀರು ಹಾಕಿಸಿ, ಬೈಹುಲ್ಲು ತರಿಸಿ, ಅವರೂ ಅವರ ಹೆಂಡತಿಯೂ ತುಳಿಯತೊಡಗಿದರು. ಹತ್ತು ನಿಮಿಷದಲ್ಲಿ ಮಣಿಪಾಲದ ಹುಡುಗಿಯೂ ಇಳಿದಳು, ಶಾಲೆಯ ಮಕ್ಕಳೂ ಇಳಿದರು. ಹದವಾದ ಮಣ್ಣನ್ನು ಒಂದೊಂದು ಪದರ ಹಾಕಿ, ಅದರ ಮೇಲೆ ನಿಂತು ಒತ್ತಿ, ಮತ್ತೆ ಪದರ. ಹಿಂದಿನ ವರ್ಷ ಸೋರಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಗಟ್ಟಿ ಉಂಡೆಗಳ ನಡುವೆ ನೀರಿಗೆ ನಾವೇ ದಾರಿ ಬಿಟ್ಟಿದ್ದೆವು. ಜನ ಕಡಿಮೆ ಆದದ್ದಷ್ಟೇ ಅಲ್ಲ, ಕೆಲಸ ಗೊತ್ತಿದ್ದವರನ್ನು ನಾವು ಕರೆದಿರಲಿಲ್ಲ.

ನಿವೃತ್ತ ಪೋಸ್ಟ್‌ಮ್ಯಾನ್ ಎಲ್ಲಿದ್ದರು ಅಂತ ಕೇಳುತ್ತೀರಾ? ಗಂಜಿ, ಚಟ್ನಿ ಆದ ಮೇಲೆ ಹಾಳೆತಟ್ಟೆ ತೆಗೆಯುವ ಡ್ಯೂಟಿಯಲ್ಲಿ.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಎರಡನೇ ಭಾನುವಾರ 14 ಜನ. ಮೇ ತಿಂಗಳಲ್ಲಿ ಹಲಗೆ ತೆಗೆಯುವ ದಿನ ಒಂಬತ್ತು, ಯಾಕೆಂದರೆ ಆಗ ನಾವು ಮತ್ತೆ ಮೆಸೇಜಿಗೆ ಬಿದ್ದಿದ್ದೆವು. ಮನೆ ಮನೆಗೆ ಹೋಗುವುದು ಸುಲಭ ಅಲ್ಲ. ಆ ಮೂವರಲ್ಲಿ ಒಬ್ಬರಿಗೆ ಹುಷಾರಿಲ್ಲದಿದ್ದರೆ ಕಥೆ ಮುಗಿಯಿತು. ಹಿಂದಿನ ಹೇಳಿಕೆ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಕೆಲವು ಮನೆಗೆ ಜಗಲಿ ಹತ್ತಿ ಹೇಳಿಕೆ, ಕೆಲವು ಮನೆಗೆ ದಾರಿಯಲ್ಲೇ ನಿಂತು ಕೂಗಿ ಹೇಳಿಕೆ, ಇನ್ನು ಕೆಲವಕ್ಕೆ ಅದೂ ಇಲ್ಲ. ನನ್ನ ಅಜ್ಜನ ಕಾಲದ್ದು ಮಾತ್ರ ಅಲ್ಲ, ನಾನೂ ನೋಡಿದ್ದೇನೆ.

ಇನ್ನೊಂದು ವಿಷಯ, ದಿನ ಗಟ್ಟಿ ಇರಬೇಕು. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್‌ನವರು 2015ರಲ್ಲಿ ಶುರುಮಾಡಿದ ಸ್ವಚ್ಛತೆಯ ಕೆಲಸ ನೋಡಿ. ಭಾನುವಾರ ಬೆಳಿಗ್ಗೆ ಅಂದರೆ ಪೊರಕೆ, ಅಷ್ಟೇ. ನಾವು ಮಾತ್ರ "ಮುಂದಿನ ವಾರ ನೋಡುವಾ" ಅನ್ನುತ್ತೇವೆ. ನೋಡುವಾ ಅಂದರೆ ನಮ್ಮ ಕಡೆ ಇಲ್ಲ ಅಂತ ಅರ್ಥ.

ಕೆಸರುಗದ್ದೆ ಆಟದ ಕೆಸರ್ಡೊಂಜಿ ದಿನ, ಮಳೆಗಾಲದ ತಿನಿಸಿನ ಆಟಿಡೊಂಜಿ ದಿನ ಎಲ್ಲ ಬೇಡ ಅಂತಲೂ ಅಲ್ಲ. ಪತ್ರೊಡೆ, ಕಣಿಲೆ ಪಲ್ಯ ತಿಂದು, ಗದ್ದೆಯಲ್ಲಿ ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಂಡವನೇ ನಾನೂ. ಆದರೆ ಅದೇ ಗದ್ದೆ ಉಳಿದ ದಿನ ಬೇಸಾಯ ಇಲ್ಲದೆ ಹಡಿಲು ಬಿದ್ದಿರುವುದು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳಲ್ಲಿ ನಾಟಿ ಮಾಡಿದಾಗ ಎಷ್ಟೆಲ್ಲ ಸಂಘದವರು ಕೆಸರಿಗೆ ಇಳಿದಿದ್ದರು, ನೆನಪಿದೆಯಾ? ಜನ ಇಳಿಯುತ್ತಾರೆ. ಮತ್ತೆ ಸಭಾ ಕಾರ್ಯಕ್ರಮ ಸ್ವಲ್ಪ ಗಿಡ್ಡ ಮಾಡಿ ಮಾರಾಯ್ರೆ. ವೇದಿಕೆಯಲ್ಲಿ ಹದಿಮೂರು ಜನ, ಎಲ್ಲರೂ "ಎರಡೇ ಮಾತು" ಅನ್ನುವುದು, ಅಷ್ಟು ಹೊತ್ತು ಹಿಂದೆ ಪಾತ್ರೆ ತೊಳೆಯುವವರು ಚಪ್ಪಾಳೆಗೆ ಕೈ ಒರೆಸಿಕೊಂಡು ಬರಬೇಕು.

ಈ ಸಲ ಹಲಗೆ ಹಾಕುವುದು ನವೆಂಬರ್ ಕೊನೆಯ ಭಾನುವಾರವೇ. ಏಳೂವರೆಗೆ ಶುರು, ಇಗರ್ಜಿಯಿಂದ ಬರುವವರು ಒಂಬತ್ತೂವರೆಗೆ. ಮಣ್ಣು ಹದ ಮಾಡುವ ಉಸ್ತುವಾರಿ ಲೈನ್‌ಮನೆಯವರದ್ದು, ಅವರೇ ಒಪ್ಪಿಕೊಂಡಿದ್ದಾರೆ. ಗಾಳದವರು ಮೊನ್ನೆ ದಾರಿಯಲ್ಲಿ ಸಿಕ್ಕಿ, ಹಲಗೆಯ ಲೆಕ್ಕ ಬರೆದಿಡುವ ಕೆಲಸ ತನಗೆ ಕೊಡಿ, ಮಣ್ಣು ಹೊರಲು ಸೊಂಟ ಕೇಳುವುದಿಲ್ಲ ಅಂದರು. ಕೊಟ್ಟಿದ್ದೇವೆ.

ನಮ್ಮೂರಿನವರು ಇದನ್ನು ಓದುತ್ತಿದ್ದರೆ, ಇದು ಹೇಳಿಕೆ ಅಲ್ಲ. ಬುಧವಾರದಿಂದ ಮನೆಗೆ ಬರುತ್ತೇವೆ. ಚಹಾಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಹಾಕಿ.